ಎರಡು ಸಾಕ್ಷಿ

ಹಟ್ಟಿ ಕ್ಯಾಂಪಿನಲ್ಲಿ ಮೂರನೇ ಪಾಳಿಯ ಸೈರನ್ ಕೂಗಿದಾಗ
ಗ್ರಾಫಿನ ಕೊನೆಯ ಚುಕ್ಕೆ ಜಿಗಿದು ನಿಂತಿತ್ತು.

ಮೊನ್ನೆಯವರೆಗೂ ಬಡಪಾಯಿ ಚುಕ್ಕೆ.
ವಾರಕ್ಕೆ ನಾಲ್ಕು ಕಣ, ಒಮ್ಮೊಮ್ಮೆ ಐದು,
ತಿಂಗಳ ಕೊನೆಯ ಸಾರಿನ ಹಾಗೆ ತೆಳ್ಳಗೆ.
ನಿನ್ನೆ ಒಂದೇ ದಿನಕ್ಕೆ ಹನ್ನೊಂದು!

ನಾನು ಲಿಂಗಸುಗೂರಿನ ಕಾಲೇಜಿನಲ್ಲಿ
ಮಸೂರ, ಲೋಲಕ, ಓಮನ ನಿಯಮ ಕಲಿಸುವವಳು.
ರಾತ್ರಿ, ಕರೆಂಟು ಕೈಕೊಡದಿದ್ದರೆ,
ಮೇಲೆ ಸುತ್ತುವ ದುರ್ಬೀನು ಎಲ್ಲರಿಗೂ ಬಿಟ್ಟುಕೊಟ್ಟ ಲೆಕ್ಕವನ್ನು
ಇಳಿಸಿಕೊಂಡು ಜರಡಿ ಹಿಡಿಯುತ್ತೇನೆ.
ದುರ್ಬೀನು ಅಂದೆ, ಅದಕ್ಕೆ ಗಾಜಿಲ್ಲ, ಕನ್ನಡಿಯಿಲ್ಲ;
ಗಾಮಾ ಕಿರಣ ಕನ್ನಡಿಗೆ ಬಗ್ಗುವ ಪೈಕಿ ಅಲ್ಲ.
ಲೋಹದ ಹಾಳೆ ಹೊಕ್ಕು, ಎರಡಾಗಿ ಸೀಳಿ,
ಬಂದ ದಾರಿಯ ಗೀರು ಬಿಟ್ಟು ಸಾಯುತ್ತದೆ.
ಆ ಗೀರೇ ನಮಗೆ ದಕ್ಕುವ ಬೆಳಕು.

ಅಬ್ಬಾ ಎದ್ದು ಬಂದರು, ಹೆಗಲ ಮೇಲೆ ಟವಲು.
ಮೂವತ್ತೊಂದು ವರ್ಷ ಗಣಿಯ ಅಸ್ಸೇ ಲ್ಯಾಬಿನಲ್ಲಿ
ಟನ್ನು ಕಲ್ಲಿಗೆ ಮೂರು ಗ್ರಾಮೋ ನಾಲ್ಕೋ ಎಂದು ತೂಗಿದವರು;
ಪುಡಿಗೆ ಸೀಸ ಬೆರೆಸಿ ಉರಿಸಿ,
ಸೀಸವನ್ನೆಲ್ಲ ಮೂಸೆ ಕುಡಿದ ಮೇಲೆ
ತಳದಲ್ಲಿ ಉಳಿದ, ಸಾಸಿವೆಗೂ ಸಣ್ಣ ಮಣಿಯನ್ನು
ಉಸಿರು ಬಿಗಿಹಿಡಿದು ಚಿಮಟದಲ್ಲಿ ಎತ್ತಿದವರು.
"ಏನವಾ, ಹತ್ತಿತೇನು?"

ಹೇಳಿದೆ: ಒಂದು ಗ್ಯಾಲಕ್ಸಿ, ಅದರ ನಡುಹೊಟ್ಟೆಯಲ್ಲಿ ಕಪ್ಪುಕುಳಿ.
ನುಂಗಲು ಹೋಗಿ ನುಂಗಲಾರದೆ ಉಗುಳಿದ್ದು ನೇರ ನಮ್ಮ ಕಡೆಗೇ.
ಉಗುಳಿ ಐನೂರು ಕೋಟಿ ವರ್ಷ.
ಆಗ ನಿಮ್ಮ ಬಂಗಾರ ಹಿಡಿದಿಟ್ಟ ಕಲ್ಲು ಇರಲಿಲ್ಲ,
ಕಲ್ಲನ್ನು ಹೊರಲು ಭೂಮಿಯೂ.

ಅವರು ಕೇಳಿದ್ದು ಒಂದೇ:
"ಬಾಜೂ ಮೂಸ್ಯಾಗಿಂದ ಸಿಡಿದಿಲ್ಲ, ಹೌದಲ್ಲೊ?"

ಕೈ ತಣ್ಣಗಾಯಿತು.
ಇನ್ನೊಂದು ಕೋಷ್ಟಕ ತೆರೆದೆ.
ಅದೇ ದಿನ, ಅದೇ ಮೂಲೆಯಲ್ಲಿ, ಮೂರು ಡಿಗ್ರಿ ಪಕ್ಕದಲ್ಲಿ
ಹಾದುಹೋಗಿದ್ದಾನೆ ಚಂದ್ರ.

ಚಂದ್ರನೂ ಗಾಮಾದಲ್ಲಿ ಉರಿಯುತ್ತಾನೆ, ಇದು ಯಾವ ಜೋಗುಳದಲ್ಲೂ ಇಲ್ಲ.
ಎಲ್ಲೆಲ್ಲಿಂದಲೋ ಬರುವ ಕಣಗಳು ಅವನ ಮಣ್ಣಿಗೆ ಬಡಿದು ಕಿಡಿ.
ಆ ಬೆಳಕಿಗೆ ಹುಣ್ಣಿಮೆಯಿಲ್ಲ, ಅಮಾವಾಸ್ಯೆಯಿಲ್ಲ,
ಸೂರ್ಯನ ಸಾಲವಿಲ್ಲ.

ಅವನು ಹತ್ತಿರವಿದ್ದ ಗಂಟೆಗಳನ್ನೆಲ್ಲ ಕತ್ತರಿಸಿದೆ.
ಹನ್ನೊಂದರಲ್ಲಿ ಒಂಬತ್ತು ಹೋದವು.

"ಎರಡು ಉಳಿದಾವ" ಅಂದೆ.
ಅಬ್ಬಾ ನಕ್ಕರು. ಈದಿನ ಚಂದ್ರ ಕಂಡಿತೆಂದು ಓಡಿಬಂದವರನ್ನು
ಮಸೀದಿ ಕಟ್ಟೆಯ ಮೇಲೆ ಕೂರಿಸಿ ಕೇಳುತ್ತಿದ್ದವರಲ್ಲಿ ಅವರೂ ಒಬ್ಬರು:
ಕೋಡು ಯಾವ ಕಡೆ ಇತ್ತು? ಯಾರ ಮಾಳಿಗಿ ಮ್ಯಾಲಿಂದ ನೋಡಿದಿ?
ಮೋಡ ಇದ್ದಿಲ್ಲೇನು?
"ಸುಳ್ಳಾಡದ ಇಬ್ಬರು ಇದ್ದರ ಸಾಕು,
ಇಡೀ ಊರು ಉಪವಾಸ ಬಿಡತೈತಿ."

ಎರಡು ಕಣ. ನಡುವೆ ನಲವತ್ತು ನಿಮಿಷ.
ಕಟ್ಟೆಯ ಮೇಲೆ ಕೂರಿಸಿ ಕೇಳೋಣವೆಂದರೆ
ಅವಕ್ಕೆ ಈಗ ಮೈಯೇ ಇಲ್ಲ.
ವಾರಕ್ಕೆ ನಾಲ್ಕು ಬರುವ ಮನೆಗೆ ಒಂದೇ ದಿನ ಎರಡು:
ಸುದ್ದಿಯೂ ಅಲ್ಲ, ಸುಳ್ಳೂ ಅಲ್ಲ.

ಊರೂರಿನ ದುರ್ಬೀನಿನವರಿಗೆ 'ಭುಗಿಲೆದ್ದಿದೆ, ತಿರುಗಿ ನೋಡಿ' ಎಂದು
ಬರೆದಿಟ್ಟ ನಾಲ್ಕು ಸಾಲು ಅಳಿಸಿದೆ.
ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದೆ:
ಚಂದ್ರನನ್ನು ಕಳೆದು, ಎರಡು.

ಹೊರಗೆ ಅಬ್ಬಾ ಬಚ್ಚಲ ಗೋಡೆಗೆ ಕೈಯೂರಿ
ಗಣಿಯ ಬೂದಿಗುಡ್ಡದ ಮೇಲಕ್ಕೆ ನೋಡುತ್ತ ನಿಂತಿದ್ದರು.
"ಇವನೇನು, ಸಿಡಿದಾವ?"
"ಇವನೇ."