ನಲವತ್ತೈದು

ಚಿಕ್ಕಜಂತಕಲ್ಲಿನ ಹತ್ತಿರ, ಹಳ್ಳ ಹೊಳೆಗೆ ಬೀಳುವಲ್ಲಿ
ಚೂಡಿದಾರ ಮೊಣಕಾಲಿಗೆ ಮಡಚಿ ನಿಂತಿದ್ದೇನೆ.
ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆಯಬೇಕು,
ನಾಲ್ಕನೆಯ ಸಲ ತುಂಬಬೇಕು, ಗಾಳಿಗುಳ್ಳೆ ಇರಕೂಡದು.
ಬಳೆಗೆ ಹಸಿರು ಎಳೆಯೊಂದು ಸುತ್ತಿಕೊಂಡಿದೆ,
ಬಿಚ್ಚಿದ ಸ್ವೆಟರಿನ ಒದ್ದೆ ನೂಲು.

ಹರಿಗೋಲಿನಿಂದ ಹುಲಿಗೆವ್ವ ಕೂಗುತ್ತಾಳೆ:
"ಬಾಟ್ಲ್ಯಾಗ ಯಾಕ ತುಂಬತಿ ಯವ್ವಾ,
ಮೂಗಿಲೆ ನೋಡು, ತಿಳೀತೈತಿ."

ನೋಡಿದೆ.
ಮೊದಲ ಮಳೆ ಬಿದ್ದ ನೆಲದ ವಾಸನೆ,
ಮಳೆ ಬಿದ್ದು ನಾಲ್ಕು ತಿಂಗಳಾಗಿದ್ದರೂ.
ಫಾರಮ್ಮಿನಲ್ಲಿ ವಾಸನೆಗೆ ಒಂದು ಬೆರಳಗಲ ಜಾಗ.
'ಇದೆ' ಎಂದು ಬರೆದೆ.

ನಸುಕಿನಲ್ಲಿ ಕೆಂಡೆಮೀನು ಮೇಲೆ ಬಂದು ಬಾಯಿ ಬಿಡುತ್ತವಂತೆ,
ಬಲೆ ಬೇಡ, ಬುಟ್ಟಿಯಲ್ಲೇ ಎತ್ತಬಹುದಂತೆ.
"ನಾ ಎತ್ತಲಿಲ್ಲ. ಹೊಳಿಗೆ ಉಬ್ಬಸ ಬಂದೈತಿ.
ಉಬ್ಬಸ ಬಂದವ್ರ ಮನ್ಯಾಗ ಕದೀತಾರೇನು?"

ಹಳ್ಳದ ದಂಡೆಗೆ ಕೊನೆಯ ಮಡಿ ನಮ್ಮದು.
ಅಪ್ಪ ಮೊನ್ನೆ ಸಂಜೆ ಮೂರನೇ ಸಲ ಯೂರಿಯಾ ಎರಚಿದ,
ಎಳ್ಳಮಾಸೆಗೆ ಚರಗ ಚೆಲ್ಲುವ
ಅದೇ ಕೈ, ಅದೇ ಬೀಸು.
ಕ್ಯಾಂಪಿನ ಸತ್ಯನಾರಾಯಣರಾಜು ಎರಡು ಚೀಲ ಅಂದರೆ
ನಮ್ಮದು ಮೂರು.
ಗರಿ ಒಂದಿಷ್ಟು ಹಳದಿಯಾದರೆ ಅವನಿಗೆ ನಿದ್ದೆಯಿಲ್ಲ.
ನನ್ನ ಬಿಎಸ್ಸಿ ಫೀಸು, ಈ ಬಳೆ, ಈ ಚಪ್ಪಲಿ
ಎಲ್ಲ ಆ ಹಸಿರಿನಲ್ಲೇ ಬಂದದ್ದು.

ಚೀಲದ ಮೇಲೆ ಅಚ್ಚು: ನಲವತ್ತೈದು ಕೆ.ಜಿ.
ಲ್ಯಾಬಿನ ಗೋಡೆಯ ಚಾರ್ಟಿನಲ್ಲಿ: ನೈಟ್ರೇಟ್,
ಲೀಟರಿಗೆ ನಲವತ್ತೈದು ಮಿಲಿಗ್ರಾಂ, ಮೀರಬಾರದು.
ಒಂದೇ ಅಂಕಿ ಎರಡು ಕಡೆ ಕೂತಿದೆ,
ಮದುವೆ ಪಂಕ್ತಿಯಲ್ಲಿ ಮಾತು ಬಿಟ್ಟ ದಾಯಾದಿಗಳಂತೆ.

ಮಾರನೆಯ ದಿನ ಮಧ್ಯಾಹ್ನ ಯಂತ್ರ ಅರವತ್ತೆಂಟು ತೋರಿಸಿತು.
ಇನ್ನೊಮ್ಮೆ ಮಾಡಿದೆ. ಅರವತ್ತೇಳು ಪಾಯಿಂಟ್ ಒಂಬತ್ತು.
'ಮೇಲ್ಭಾಗದ ಜಮೀನು' ಎಂಬಲ್ಲಿ
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಆಮೇಲೆ ಸರ್ವೆ ನಂಬರು ಬರೆದೆ. ನನಗದು ಬಾಯಿಪಾಠ,
ಸಾಲದ ಅರ್ಜಿಗಳನ್ನೆಲ್ಲ ತುಂಬಿದವಳು ನಾನೇ.

ರಾತ್ರಿ ಉಣ್ಣುವಾಗ ಅಪ್ಪ
ಐದು ರೂಪಾಯಿ ಕ್ಯಾನಿನ ನೀರು ಬಗ್ಗಿಸುತ್ತಾ ಕೇಳಿದ,
"ಎಷ್ಟು ಬಂತು?"
"ಅರವತ್ತೆಂಟು."
ಎಕರೆಗೆ ನಲವತ್ತೈದು ಚೀಲ ಬಂದ ವರ್ಷ
ಓಣಿಗೆಲ್ಲ ಚಹಾ ಕುಡಿಸಿದ್ದ ಅಪ್ಪ
ತುತ್ತು ಕೈಯಲ್ಲೇ ಹಿಡಿದು, ಕಣ್ಣರಳಿಸಿ:
"ಎಕರೇಕ? ಯಾರದು ಅಷ್ಟು?"

ಅನ್ನ ಬೆಳ್ಳಗಿತ್ತು, ಬಿಡಿಬಿಡಿಯಾಗಿತ್ತು.
ಇನ್ನೊಂದು ಸಲ ಹಾಕಿಸಿಕೊಂಡೆ.
"ನಮ್ಮದೇ," ಅಂದೆ.