ಷರಾ

ತಿಕೋಟದ ಸಿದ್ರಾಮ, ಈರುಳ್ಳಿ ಲಾರಿಯವನು,
ಸುಂಟಿಕೊಪ್ಪದ ಸಂತೆಗೆ ಬಂದಾಗ
ಒದ್ದೆ ಗೋಣಿಚೂರಲ್ಲಿ ಸುತ್ತಿ ತಂದ
ಗೇಣುದ್ದದ ನಾಲ್ಕು ಕಡ್ಡಿ.
‘ದಿಲ್‌ಖುಷ್ ಅಂತಾರ್ರೀ ಇದಕ್ಕ. ಉದ್ದನ್ನ ಹಣ್ಣು.
ನಿಮ್ಮ ಈ ಹಸಿ ಊರಾಗ ಬರ್ತದೋ ಇಲ್ಲೋ!’

ಮೂರನ್ನು ಜೂನ್ ತಿಂಗಳು ತಿಂದಿತು.
ಒಂದು ಉಳಿಯಿತು, ಬಚ್ಚಲ ಹಿಂದೆ,
ಒಲೆಬೂದಿ ಸುರಿಯುವ ಕಡೆ.

ಎಲೆಯಡಿ ಬಿಳಿ ಬೂಸ್ಟು ಕಂಡ ದಿನ
ಮೆಣಸಿನ ಬಳ್ಳಿಗೆ ಕಲಸಿದ್ದ ಮೈಲುತುತ್ತ-ಸುಣ್ಣದಲ್ಲಿ
ಅರ್ಧ ಚೊಂಬು ಬೇಡಿ ತಂದೆ.
ಕತ್ತಿ ಅದ್ದಿ ನೋಡಬೇಕು, ಕೆಂಪಗಾದರೆ ಸುಣ್ಣ ಸಾಲದು.
ನಮ್ಮ ಕತ್ತಿ ಮೊದಲೇ ತುಕ್ಕು.
ಲೀಲಾಕ್ಷಿ ಗೋಡೆಯ ಮೊಳೆ ಕಿತ್ತು ಕೊಟ್ಟಳು;
ಆ ತಿಂಗಳೆಲ್ಲ ಕ್ಯಾಲೆಂಡರು
ಅಕ್ಕಿ ಡಬ್ಬದ ಮೇಲೆ ಮಲಗಿತ್ತು.

ಅಕ್ಟೋಬರಿನಲ್ಲಿ ಕಣ್ಣೆಣಿಸಿ ಕತ್ತರಿಸಿದೆ.
‘ಪಾಪ, ಬೋಳಿಸಿಬಿಟ್ರಲ್ಲ’
ಬೇಲಿಯಾಚೆಯಿಂದ ಕದೀಜುಮ್ಮ.

ಮೂರನೇ ವರ್ಷ ಹನ್ನೊಂದು ಗೊಂಚಲು.
ಬಾವಲಿಗೆ ಹೆದರಿ ಹಳೇ ಸೀರೆ ಸುತ್ತಿದೆವು.
ಫೆಬ್ರವರಿ ಕಳೆಯುವಾಗ ಕಾಳು ಗಾಜಾಗತೊಡಗಿತು,
ಬೆಳಕಿಗೆ ಹಿಡಿದರೆ ಒಳಗೆ
ಎರಡು ಬೀಜದ ನೆರಳು.

ನಾನು ತೋಟದ ರೈಟರು. ಮಳೆ ಅಳೆಯುವವನು.
ಮಾರ್ಚ್ ಬಂತೆಂದರೆ ಊರಿಗೆ ಊರೇ
ಹೂಮಳೆಗೆ ಕತ್ತೆತ್ತಿ ನಿಲ್ಲುತ್ತದೆ.
ಬೋನಸ್ಸು, ಮದುವೆ, ಹೊಸ ಜೀಪು
ಎಲ್ಲ ಆ ಒಂದಿಂಚಿನಲ್ಲಿ.
ಅದೇ ತೋಟದ ಸಂಬಳ ತಿನ್ನುವ ನಾನು
‘ಇನ್ನು ಹತ್ತು ದಿನ ತಡಿಯಪ್ಪಾ’ ಎಂದೆ,
ಯಾರಿಗೂ ಕೇಳದ ಹಾಗೆ.

ಬಿತ್ತು. ರಾತ್ರಿ ಎರಡು ಗಂಟೆಗೆ.
ಎರಡು ಕೊಡೆ, ಒಂದು ಟಾರ್ಪಾಲು, ಲೀಲಾಕ್ಷಿಯ ಮೊಣಕಾಲು ನೋವು
ಎಲ್ಲ ಹಿಡಿದು ಚಪ್ಪರದಡಿ ನಿಂತೆವು.
ಲೈನ್‌ಮನೆಗಳಲ್ಲಿ ದೀಪ ಹತ್ತಿತು,
ಯಾರೋ ಕೇಕೆ ಹಾಕಿದರು.

ಆರು ಗಂಟೆಗೆ ಸಾಹುಕಾರರ ಫೋನು:
‘ಎಷ್ಟು ಬಂತು ರೈಟ್ರೇ?’
‘ಒಂದಿಂಚು ಇಪ್ಪತ್ತು ಸೆಂಟು.’
ಅವರು ನಕ್ಕರು. ಸುಳ್ಳೇಕೆ,
ನಾನೂ ನಕ್ಕೆ.

ಬಿಸಿಲೇರಿದಂತೆ ಕಾಳು ಒಂದೊಂದೇ ಬಿರಿದವು,
ತೊಟ್ಟಿನ ಸುತ್ತ ಉಗುರು ಗೀರಿದ ಹಾಗೆ.
ಇರುವೆಗೆ ಯಾರು ಹೇಳಿದರೋ.

ಉಳಿದದ್ದು ಮೂರು; ಒಂದು ಕದೀಜುಮ್ಮನಿಗೆ.
ಒಡೆದದ್ದನ್ನು ಉಪ್ಪು ಹಚ್ಚಿ ನಾವೇ ತಿಂದೆವು:
ಹುಳಿ, ಆಮೇಲೆ ಬರೀ ನೀರು,
ಸಿಪ್ಪೆಯ ಹತ್ತಿರ ಎಲ್ಲೋ ಸ್ವಲ್ಪ ಸಿಹಿ.

ಮಳೆ ಪುಸ್ತಕದಲ್ಲಿ ಬರೆದೆ ೧.೨೦.
ಪಕ್ಕದ ಷರಾ ಮನೆ
ಇಪ್ಪತ್ತು ವರ್ಷದಿಂದ ಖಾಲಿ.
ಪೆನ್ನು ಅಲ್ಲೇ ತುಸು ನಿಂತಿತು, ಒಂದು ಚುಕ್ಕೆ ಬಿತ್ತು.

ಒಂಬತ್ತನೇ ದಿನ ತೋಟವೆಲ್ಲ ಬೆಳ್ಳಗೆ,
ಆ ಪರಿಮಳಕ್ಕೆ ಲೀಲಾಕ್ಷಿಗೆ ತಲೆನೋವು.
ಸಿದ್ರಾಮ ಫೋನಿನಲ್ಲಿ ಕೂಗುತ್ತಿದ್ದ,
‘ಏಪ್ರಿಲ್ ಚಾಟ್ನಿ ಮರೀಬ್ಯಾಡ್ರಿ!’
ಕತ್ತರಿ ಎಲ್ಲಿಟ್ಟೆನೆಂದು
ಹುಡುಕುತ್ತಿದ್ದೆ.