ಒಳಗಿನ ಚಿಲಕ

ಬೆಟಗೇರಿಯಿಂದ ಸೈಕಲ್ ಹೊಡಕೊಂಡು
ಮುಳಗುಂದ ನಾಕಾ ದಾಟಿ ಬಂದೆ,
ಚೀಲದಾಗ ಉಳಿ, ಕೈಗರಗಸ, ಹದಿನಾಲ್ಕು ಹೊಸ ಚಿಲಕ.
ವಾರ್ಡನ್ ಬಾಯಾರು ಹಾಳಿ ತೋರಿಸಿದರು:
ನ್ಯಾಯಾಧೀಶರು ಬಂದು ನೋಡಿ ಹೋಗ್ಯಾರ,
ಬಚ್ಚಲಕ್ಕ, ಮಲಗೋ ಖೋಲಿಗೆ
ಹೊರಗಿನ ಚಿಲಕ ತಗೀಬೇಕು, ಒಳಗ ಹಾಕಬೇಕು.
ಸಹಿ. ಶಿಕ್ಕಾ.

ನಾ ಓದಿದ್ದು ಏಳನೇತ್ತೆ.
'ನಿವಾಸಿಗಳ ಖಾಸಗಿತನದ ಹಕ್ಕು' ಅಂತಿತ್ತು ಹಾಳಿಯೊಳಗ.
ನನಗ ತಿಳಿದದ್ದು: ನಾಲ್ಕಿಂಚಿನ ಚಿಲಕ, ಒಂದಕ್ಕ ಆರು ಸ್ಕ್ರೂ.

"ಇವಕ್ಕೇನ್ ತಿಳೀತೈತ್ರಿ ಮೌನೇಶಪ್ಪ?
ಒಳಗ ಹಾಕ್ಕೊಂಡು ಬಿದ್ದರ ಹೊಣಿ ಯಾರು?"
ಕೆಟ್ಟವರಲ್ಲ ಬಾಯಾರು. ರಾತ್ರಿ ಪಾಳಿಗೆ
ಮೂವತ್ತೊಂದು ಮಂದಿಗೆ ಒಬ್ಬರೇ.
ಹಳೇ ಸ್ಕ್ರೂ ತುಕ್ಕ ಹಿಡಿದು ಬಿಡವಲ್ಲವು.
ಎಣ್ಣಿ ಬಿಟ್ಟು ಕಾದೆ.

ಫಕೀರವ್ವ ಬಂದು ಬಾಜೂಕ ಕುಂತಳು.
ತಲಿ ಬೋಳಿಸಿದ್ದರು, ಹೇನಿಗಂತ, ಎಲ್ಲಾರಿಗೂ ಕೂಡೇ.
ಮೈಮ್ಯಾಲ ಸಿಮೆಂಟ್ ಕಂಪನಿ ಹೆಸರಿನ ಅಂಗಿ,
ನಿನ್ನೆ ಅದು ಇನ್ನೊಬ್ಬಾಕಿ ಮೈಮ್ಯಾಲಿತ್ತಂತ.
ಸ್ಕ್ರೂ ಎಣಿಸಿ ಕೊಟ್ಟಳು:
ಒಂದು, ಎರಡು, ಎರಡು, ಎರಡು…
ಎರಡರ ಮುಂದ ಹೋಗಲಿಲ್ಲ ಆಕಿ.
ಕೈಗೆ ಬಂದದ್ದು ಮಾತ್ರ ಆರಂದರ ಆರು.

ಬಾಗಿಲ ಒಳಮೈಗೆ, ಎದಿಮಟ್ಟ,
ಬಣ್ಣ ಸವದಿತ್ತು ಅಂಗೈ ಅಗಲ.
ಹೊರಗಿನ ಚಿಲಕಕ್ಕ ಎದುರಾ-ಎದುರ.
ಇಪ್ಪತ್ತೆರಡು ವರ್ಷಾತಂತ ಆಕಿ ಇಲ್ಲಿ ಬಂದು.
ಯಾರ ಕೈ ಅಂತ ನಾ ಕೇಳಲಿಲ್ಲ.

ನಾಕು ಸ್ಕ್ರೂಗೆ ಚಿಲಕ ಕುಂತಿತು.
ಆಕಿ ಒಳಗ ಹೋದಳು.
ಹಾಕಿದಳು. ತಗದಳು. ಹಾಕಿದಳು. ತಗದು
ಹಣಿಕಿ ನೋಡಿದಳು, ನಾ ಇದ್ದೀನೋ ಇಲ್ಲೋ ಅಂತ.
ಮತ್ತ ಹಾಕಿದಳು.

ಆಮ್ಯಾಲ ತಗೀಲಿಲ್ಲ.

"ನೋಡ್ರಿ, ನಾ ಹೇಳಿದ್ದಿಲ್ಲ?" ಬಾಯಾರು ಓಡಿ ಬಂದರು.
ನಾ ಬೆರಳ ಮಡಚಿ ಬಾಗಿಲ ಬಡದೆ, ಮೆಲ್ಲಕ,
ಪರರ ಮನಿ ಬಾಗಿಲ ಬಡದ್ಹಂಗ.

"ಯಾರು?"

ಬಾಯಾರು ನನ್ನ ಮಾರಿ ನೋಡಿದರು, ನಾ ಅವರದು.
"ನಾನವ್ವಾ, ಬಡಿಗೇರ ಮೌನೇಶ. ಎರಡು ಸ್ಕ್ರೂ ಬಾಕಿ ಅವ."
ಒಳಗ ತಂಬಿಗಿ ಸಪ್ಪಳ, ನೀರಿನ ಸಪ್ಪಳ, ಸಾವಕಾಶ.
"ಈಗ ಬ್ಯಾಡ."

ಮೆಟ್ಟಲ ಮ್ಯಾಲ ಕುಂತೆ, ಎರಡು ಸ್ಕ್ರೂ ಮುಟಗಿಯೊಳಗ.
ಬಿಲ್ಲಿನಾಗ ಬರದೀನಿ:
ಚಿಲಕ ಹದಿನಾಲ್ಕು, ಸ್ಕ್ರೂ ಎಂಬತ್ತನಾಲ್ಕು, ಎಣ್ಣಿ.
ಕುಂತಿದ್ದಕ್ಕ ಕೂಲಿ ಹಿಡಿದಿಲ್ಲ.
ಹೊರಗಿನ ತೂತಿಗೆ ಲಾಂಬಿ ತುಂಬಲೇನು ಅಂದೆ;
ಇರಲಿ ಬಿಡ್ರಿ, ಅಂದರು ಬಾಯಾರು.